ಕಾಲೇಜಿನ ಬಾಂಡ್ ಕಡತ ಕ್ಲೋಸಿಂಗ್ ಹೊಸ್ತಿಲಲ್ಲಿ ನಿಲ್ಲದಿರಲು: ಕಿರಿಯ ವಕೀಲರಿಗೆ ಹಂತ ಹಂತದ ಮಾರ್ಗದರ್ಶಿ

ಕ್ಲೋಸಿಂಗ್‌ಗೆ, ಅಂದರೆ ಸಹಿಗಳಾಗಿ ಬಾಂಡ್ ಹಣ ಕೈಸೇರುವ ದಿನಕ್ಕೆ, ಎಂಟು ದಿನ ಬಾಕಿ. ಬಾಂಡ್ ಮಾರಾಟವಾಗಿದೆ, ಬಡ್ಡಿದರ ನಿಗದಿಯಾಗಿದೆ, ಹೂಡಿಕೆದಾರರ ಹಣ ಸಿದ್ಧವಿದೆ. ಅಷ್ಟರಲ್ಲಿ ತೆರಿಗೆ ವಿಭಾಗದ ಹಿರಿಯ ವಕೀಲರು ಕಡತದಿಂದ ತಲೆ ಎತ್ತಿ, ‘ಎರಡನೇ ಮಹಡಿಯ ಲ್ಯಾಬ್‌ನಲ್ಲಿ ಇರೋರು ಯಾರು?’ ಅಂತ ಕೇಳುತ್ತಾರೆ. ಯಾರ ಬಳಿಯೂ ಉತ್ತರವಿಲ್ಲ. ಅಮೆರಿಕದ ಶಿಕ್ಷಣ ಸಂಸ್ಥೆಗಳ ಬಾಂಡ್ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಇಂಥ ಸಂಜೆಗಳಲ್ಲೇ.

ಇವರಿಗೆ ಕಾನೂನು ಗೊತ್ತಿಲ್ಲ ಎನ್ನುವ ಹಾಗಿಲ್ಲ. ಸೆಕ್ಷನ್‌ಗಳು ಬಾಯಿಪಾಠವಾಗಿರುತ್ತವೆ. ತಪ್ಪುವುದು ಸರದಿ. ಮೊದಲ ವಾರ ಕೇಳಬೇಕಾದ್ದನ್ನು ಕೊನೆಯ ವಾರ ಕೇಳುತ್ತಾರೆ, ಕೊನೆಯಲ್ಲಿ ತಿದ್ದಬಹುದಾದ ದಾಖಲೆಯನ್ನು ಮೊದಲ ದಿನದಿಂದಲೇ ತಿದ್ದುತ್ತಾ ಕೂರುತ್ತಾರೆ. ಹಾಗಾಗಿ ಇಲ್ಲಿ ಯಾವ ಕೆಲಸ ಯಾವಾಗ ಆಗಬೇಕು ಎನ್ನುವುದಕ್ಕೇ ಒತ್ತು.

ಮಾದರಿಯಾಗಿ ಹಿಡಿದಿರುವುದು 501(ಸಿ)(3) ಮಾನ್ಯತೆ (ದತ್ತಿ, ಶಿಕ್ಷಣ ಸಂಸ್ಥೆಗಳಿಗೆ ಅಮೆರಿಕದ ತೆರಿಗೆ ಕಾನೂನು ಕೊಡುವ ವಿನಾಯಿತಿ) ಇರುವ ಲಾಭರಹಿತ ಖಾಸಗಿ ಕಾಲೇಜನ್ನು. ಅದು ಸರ್ಕಾರಿ ಪ್ರಾಧಿಕಾರವೊಂದರ ಮೂಲಕ ತೆರಿಗೆ ವಿನಾಯಿತಿ ಬಾಂಡ್ ಹೊರಡಿಸಿ ಕಟ್ಟಡ ಕಟ್ಟುತ್ತಿದೆ. ಸರ್ಕಾರಿ ಶಾಲಾ ಜಿಲ್ಲೆಗಳ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳ) ನಿಯಮ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕಾಲೇಜಿಗೆ ಕೊಟ್ಟ ವಿನಾಯಿತಿ ಪತ್ರ. ಆಡಳಿತ ಮಂಡಳಿಯ ಕಳೆದ ಎರಡು ವರ್ಷಗಳ ನಡಾವಳಿ. ಯೋಜನೆಗೆ ಈವರೆಗೆ ಆದ ಖರ್ಚಿನ ಪಟ್ಟಿ. ಇದರಲ್ಲಿ ಬಿಲ್ ತಾರೀಖು ಸಾಲದು, ಹಣ ಪಾವತಿಯಾದ ತಾರೀಖು ಬೇಕು. ಕಟ್ಟಡದ ನಕ್ಷೆ, ಕೋಣೆವಾರು ಚದರಡಿ ಸಮೇತ. ಹಳೆಯ ಬಾಂಡ್‌ಗಳೆಲ್ಲದರ ತೆರಿಗೆ ಪ್ರಮಾಣಪತ್ರ (ಬಾಂಡ್ ಹಣದ ಬಳಕೆ, ಹೂಡಿಕೆ ಬಗ್ಗೆ ಕ್ಲೋಸಿಂಗ್‌ನಲ್ಲಿ ಕೊಟ್ಟ ಲಿಖಿತ ಭರವಸೆ). ಕಾಲೇಜಿನ ವಾರ್ಷಿಕ ತೆರಿಗೆ ವಿವರವಾದ ಫಾರ್ಮ್ 990ರ ಕೊನೆಯ ಪ್ರತಿ ಮತ್ತು ಅದರಲ್ಲಿ ಬಾಂಡ್‌ಗಳ ಮಾಹಿತಿ ಕೊಡುವ ಷೆಡ್ಯೂಲ್ ಕೆ.

ಕಾಲೇಜಿನ ಹಣಕಾಸು ಅಧಿಕಾರಿ ಇವನ್ನು ಕೊಡಲು ಹತ್ತು ದಿನ ತೆಗೆದುಕೊಂಡರೆ ಗಾಬರಿಯಾಗಬೇಡಿ. ಮೂರು ವಾರ ಕಳೆದರೂ ಕೋಣೆವಾರು ನಕ್ಷೆ ಬಾರದಿದ್ದರೆ ಮಾತ್ರ ಎಚ್ಚರ. ನಕ್ಷೆ ಇಲ್ಲ ಎಂದರೆ ಸಾಮಾನ್ಯವಾಗಿ ಯಾವ ಕೋಣೆಯಲ್ಲಿ ಯಾರಿದ್ದಾರೆ ಎಂಬ ಲೆಕ್ಕವೂ ಇರುವುದಿಲ್ಲ.

## ಹಂತ 1: ನೀವು ಯಾರ ವಕೀಲರು, ಸಾಲಗಾರ ಯಾರು

ಒಂದೇ ಮೇಜಿನ ಸುತ್ತ ನಾಲ್ಕೈದು ವಕೀಲರಿರುತ್ತಾರೆ. ಬಾಂಡ್ ಸಿಂಧುವಾಗಿದೆ, ಅದರ ಬಡ್ಡಿಗೆ ತೆರಿಗೆ ಇಲ್ಲ ಎಂದು ಅಭಿಪ್ರಾಯ ಪತ್ರ ಕೊಡುವವರು ಬಾಂಡ್ ಕೌನ್ಸೆಲ್. ಕಾಲೇಜಿನ ಪರ ಒಬ್ಬರು, ಬಾಂಡ್ ಕೊಂಡು ಮಾರುವ ಅಂಡರ್‌ರೈಟರ್ ಪರ ಒಬ್ಬರು, ಪ್ರಾಧಿಕಾರದ ಪರ ಇನ್ನೊಬ್ಬರು. ನಿಮ್ಮ ಕಕ್ಷಿದಾರರು ಯಾರು ಎಂಬುದು ನೇಮಕ ಪತ್ರದಲ್ಲಿ ಬರವಣಿಗೆಯಲ್ಲಿರಲಿ. ‘ಬಾಂಡ್ ಈಗ ಮಾರಬೇಕೋ ಮುಂದಿನ ತಿಂಗಳು ಮಾರಬೇಕೋ’ ಎಂದು ಕಾಲೇಜಿನವರು ಕೇಳಿಯೇ ಕೇಳುತ್ತಾರೆ. ಅದು ಹಣಕಾಸು ಸಲಹೆಗಾರರ ಕೆಲಸ. 2010ರ ಡಾಡ್-ಫ್ರಾಂಕ್ ಕಾಯ್ದೆಯ ನಂತರ ಇಂಥ ಸಲಹೆ ಕೊಡುವವರಿಗೆ ನೋಂದಣಿ ಕಡ್ಡಾಯ. ವಕೀಲರಿಗಿರುವ ವಿನಾಯಿತಿ ಕಾನೂನು ಸಲಹೆಯ ಗೆರೆಯೊಳಗೆ ಮಾತ್ರ.

ಖಾಸಗಿ ಕಾಲೇಜು ತಾನೇ ಇಂಥ ಬಾಂಡ್ ಹೊರಡಿಸುವಂತಿಲ್ಲ. ನ್ಯೂಯಾರ್ಕಿನ ಡಾರ್ಮಿಟರಿ ಅಥಾರಿಟಿಯೋ ಕ್ಯಾಲಿಫೋರ್ನಿಯಾದ ಎಜುಕೇಷನಲ್ ಫೆಸಿಲಿಟೀಸ್ ಅಥಾರಿಟಿಯೋ ತನ್ನ ಹೆಸರಿನಲ್ಲಿ ಹೊರಡಿಸಿ, ಬಂದ ಹಣವನ್ನು ಕಾಲೇಜಿಗೆ ಸಾಲವಾಗಿ ದಾಟಿಸುತ್ತದೆ. ಪ್ರಾಧಿಕಾರದ ಸಭೆಗಳ ವೇಳಾಪಟ್ಟಿಯನ್ನು ಇವತ್ತೇ ತರಿಸಿಕೊಳ್ಳಿ. ತಿಂಗಳಿಗೊಂದೇ ಸಭೆ ನಡೆಸುವ ಕಡೆ ಒಂದು ಕಾಗದ ತಪ್ಪಿದರೆ ತಿಂಗಳೇ ಹೋಯಿತು.

ಸರ್ಕಾರಿ ಶಾಲಾ ಜಿಲ್ಲೆಯಾದರೆ ಅದೇ ನೇರವಾಗಿ ಬಾಂಡ್ ಹೊರಡಿಸುತ್ತದೆ, ಆದರೆ ಹಲವು ಕಡೆ ಮತದಾರರ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2000ರ ಪ್ರಾಪೊಸಿಷನ್ 39ರ ಅಡಿ ಶೇ 55 ಮತ ಸಾಕು. ಟೆಕ್ಸಾಸ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಡತ ಪರಿಶೀಲಿಸಿ ಒಪ್ಪಬೇಕು. ಅದಕ್ಕೆ ಬೇಕಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಕಾದಿರಿಸಿ.

## ಹಂತ 2: ಹಣ ಆಗಲೇ ಖರ್ಚಾಗುತ್ತಿದೆಯೇ?

ಮೊದಲ ಫೋನ್ ಕರೆಯಲ್ಲೇ ಕೇಳಬೇಕಾದ ಪ್ರಶ್ನೆ ಇದು. ಉಳಿದವು ನಾಳೆಗೆ ಕಾಯಬಹುದು, ಇದು ಕಾಯುವುದಿಲ್ಲ.

ಕಾಲೇಜು ತನ್ನ ಕೈಯಿಂದ ಕಂಟ್ರಾಕ್ಟರನಿಗೆ ಹಣ ಕೊಟ್ಟು, ಆಮೇಲೆ ಬಾಂಡ್ ಹಣದಿಂದ ಅದನ್ನು ತುಂಬಿಕೊಳ್ಳಬೇಕೆಂದಿದ್ದರೆ, ‘ಇದನ್ನು ಬಾಂಡ್‌ನಿಂದ ಭರಿಸಿಕೊಳ್ಳುವ ಉದ್ದೇಶವಿದೆ’ ಎಂಬ ಘೋಷಣೆ ಪಾವತಿಯಾದ 60 ದಿನಗಳೊಳಗೆ ಆಗಿರಬೇಕು. ತೆರಿಗೆ ನಿಯಮಾವಳಿಯ 1.150-2ರಲ್ಲಿ ಇದು ಇದೆ. 501(ಸಿ)(3) ಬಾಂಡ್‌ಗಳ ವಿಷಯದಲ್ಲಿ ಘೋಷಣೆಯನ್ನು ಪ್ರಾಧಿಕಾರವೇ ಮಾಡಬೇಕೆಂದಿಲ್ಲ, ಕಾಲೇಜೂ ಮಾಡಬಹುದು. ಇದು ತಿಳಿಯದೆ ಪ್ರಾಧಿಕಾರದ ಮುಂದಿನ ಸಭೆಗೆ ಕಾದು ದಿನ ಕಳೆದವರನ್ನು ಕಂಡಿದ್ದೇನೆ.

ತಾರೀಖು ಹಾಕಿ ನೋಡೋಣ. ಕಂಟ್ರಾಕ್ಟರನಿಗೆ 2025ರ ಮಾರ್ಚ್ 10ರಂದು ಪಾವತಿಯಾಗಿದೆ. ಮೇ 9ರೊಳಗೆ ಮಂಡಳಿಯಲ್ಲಿ ಈ ಘೋಷಣೆಯ ನಿರ್ಣಯವಾದರೆ ಆ ಹಣ ಸುರಕ್ಷಿತ. ಮಂಡಳಿ ಸಭೆ ಮೇ 20ಕ್ಕೆ ಜಾರಿತು ಎನ್ನಿ: ಮಾರ್ಚ್ 21ರಿಂದ ಈಚೆಗಿನ ಪಾವತಿಗಳು ಮಾತ್ರ ಲೆಕ್ಕಕ್ಕೆ, ಅದರ ಹಿಂದಿನದು ಕಾಲೇಜಿನ ಜೇಬಿನಿಂದಲೇ ಹೋಯಿತು. ಹಿಂದಿನ ತಾರೀಖು ಹಾಕಿ ನಿರ್ಣಯ ಬರೆಯಿಸೋಣ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಕೋಣೆಯಿಂದ ಎದ್ದು ಬನ್ನಿ.

ಒಂದು ಸಮಾಧಾನವಿದೆ. ವಾಸ್ತುಶಿಲ್ಪಿ, ಎಂಜಿನಿಯರ್, ಸರ್ವೆ, ಮಣ್ಣು ಪರೀಕ್ಷೆ ಮುಂತಾದ ಪ್ರಾಥಮಿಕ ಖರ್ಚುಗಳಿಗೆ ಬಾಂಡ್ ಬೆಲೆಯ ಶೇ 20ರವರೆಗೆ ಈ ಘೋಷಣೆ ಬೇಕಿಲ್ಲ. ಜಾಗ ಕೊಂಡದ್ದು, ನೆಲ ಸಮ ಮಾಡಿದ್ದು ಈ ಗುಂಪಿಗೆ ಸೇರುವುದಿಲ್ಲ.

ಘೋಷಣೆ ಇದ್ದ ಮಾತ್ರಕ್ಕೆ ಮುಗಿಯಲೂ ಇಲ್ಲ. ಹಣ ತುಂಬಿಕೊಳ್ಳುವುದು ಪಾವತಿಯಾದ ಅಥವಾ ಕಟ್ಟಡ ಬಳಕೆಗೆ ಬಂದ ದಿನ, ಇವೆರಡರಲ್ಲಿ ತಡವಾದದ್ದರಿಂದ 18 ತಿಂಗಳೊಳಗೆ ಆಗಬೇಕು. ಹೇಗೇ ಆದರೂ ಪಾವತಿಯಿಂದ 3 ವರ್ಷ ದಾಟುವಂತಿಲ್ಲ.

## ಹಂತ 3: ಕಟ್ಟಡದೊಳಗೆ ನಡೆದು ನೋಡಿ

ಕಡತಗಳು ಕೆಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆಂತರಿಕ ಕಂದಾಯ ಸಂಹಿತೆಯ ಸೆಕ್ಷನ್ 145ರ ಪ್ರಕಾರ ಬಾಂಡ್‌ನ ನಿವ್ವಳ ಹಣದಲ್ಲಿ ಶೇ 95ರಷ್ಟು ಕಾಲೇಜಿನ ಮೂಲ ಉದ್ದೇಶಕ್ಕೇ ಹೋಗಬೇಕು. ಉಳಿದ ಶೇ 5 ಖಾಸಗಿ ಬಳಕೆಗೆ, ಅಂದರೆ ಹೊರಗಿನ ಕಂಪನಿ ಮುಂತಾದವರು ಕಟ್ಟಡ ಬಳಸುವುದಕ್ಕೆ, ಪೂರ್ತಿ ಸಿಗುತ್ತದೆ ಎಂದು ಕಿರಿಯರು ಬರೆದುಕೊಳ್ಳುತ್ತಾರೆ. ಹಾಗಲ್ಲ. ವಕೀಲರ ಶುಲ್ಕ, ಅಂಡರ್‌ರೈಟರ್ ಕಮಿಷನ್, ಮುದ್ರಣ, ರೇಟಿಂಗ್ ಏಜೆನ್ಸಿ ಮುಂತಾದ ವಿತರಣಾ ವೆಚ್ಚವೂ ಅದೇ ಶೇ 5ರೊಳಗೇ ಸೇರುತ್ತದೆ. ಅದಕ್ಕೆ ಗರಿಷ್ಠ ಶೇ 2. ಪೂರ್ತಿ ಬಳಸಿಕೊಂಡರೆ ನಿಮಗೆ ಉಳಿಯುವುದು ಶೇ 3. ಸರ್ಕಾರಿ ಶಾಲಾ ಜಿಲ್ಲೆಗೆ ಈ ಮಿತಿ ಸಾಮಾನ್ಯವಾಗಿ ಶೇ 10, ಹಾಗಾಗಿ ಅಲ್ಲಿಂದ ಬಂದವರು ಕಾಲೇಜು ಕಡತದಲ್ಲಿ ಎಡವುತ್ತಾರೆ.

ಕಾನೂನಿನ ಪ್ರಕಾರ ಖಾಸಗಿ ಬಳಕೆ ಮತ್ತು ಖಾಸಗಿ ಪಾವತಿ (ಆ ಬಳಕೆದಾರರಿಂದ ಬರುವ ಬಾಡಿಗೆ ಮುಂತಾದ ಹಣ) ಎರಡೂ ಮಿತಿ ಮೀರಿದರೆ ಮಾತ್ರ ಬಾಂಡ್ ಕೆಡುತ್ತದೆ, ಅಂದರೆ ತೆರಿಗೆ ವಿನಾಯಿತಿ ಕಳೆದುಕೊಳ್ಳುತ್ತದೆ, ಎನ್ನುವುದು ನಿಜ. ಆದರೆ ಪಾವತಿಯ ಲೆಕ್ಕವನ್ನೇ ನಂಬಿ ಬಳಕೆಯನ್ನು ಸಡಿಲ ಬಿಡುವುದು ನನ್ನ ಅಭ್ಯಾಸವಲ್ಲ. ಬಾಡಿಗೆಯ ಮೊತ್ತ ವರ್ಷವರ್ಷಕ್ಕೂ ಬದಲಾಗುತ್ತದೆ. ಗೋಡೆಗಳಾದರೆ ಬದಲಾಗುವುದಿಲ್ಲ.

ಖಾಸಗಿ ಬಳಕೆ ಎಂದರೇನು ಎಂದು ಹಣಕಾಸು ಅಧಿಕಾರಿಯನ್ನು ಕೇಳಬೇಡಿ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಅಂತಲೇ ಹೇಳುತ್ತಾರೆ, ಪ್ರಾಮಾಣಿಕವಾಗಿಯೇ. ಕಟ್ಟಡ ನಿರ್ವಹಣೆ ನೋಡುವವರನ್ನು, ಸಂಶೋಧನಾ ಕಚೇರಿಯವರನ್ನು, ಪಾರ್ಕಿಂಗ್ ನೋಡಿಕೊಳ್ಳುವವರನ್ನು ಒಟ್ಟಿಗೆ ಕೂರಿಸಿಕೊಂಡು ನಕ್ಷೆ ಬಿಡಿಸಿ ಒಂದೊಂದೇ ಕೋಣೆ ಕೇಳಿ:

1. ಕೆಫೆ, ಪುಸ್ತಕದಂಗಡಿ, ಬ್ಯಾಂಕ್ ಶಾಖೆ, ಎಟಿಎಂ. ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರೆ ಖಾಸಗಿ ಬಳಕೆ. ಕಾಲೇಜಿನ ಪರವಾಗಿ ನಡೆಸಿಕೊಡುವ ನಿರ್ವಹಣಾ ಒಪ್ಪಂದವಾಗಿದ್ದು, ಐಆರ್‌ಎಸ್‌ನ ರೆವೆನ್ಯೂ ಪ್ರೊಸೀಜರ್ 2017-13ರ ಷರತ್ತುಗಳಿಗೆ ಹೊಂದಿದ್ದರೆ ಅಲ್ಲ. ನಡೆಸುವವನಿಗೆ ನಿವ್ವಳ ಲಾಭದಲ್ಲಿ ಪಾಲಿರಬಾರದು, ನಷ್ಟದ ಹೊರೆಯೂ ಅವನ ಮೇಲೆ ಬೀಳಬಾರದು. ಅವಧಿ 30 ವರ್ಷ ಅಥವಾ ಆಸ್ತಿಯ ಆಯಸ್ಸಿನ ಶೇ 80, ಯಾವುದು ಕಡಿಮೆಯೋ ಅದನ್ನು ಮೀರಬಾರದು. ದರ ಮತ್ತು ಬಜೆಟ್‌ಗೆ ಕಾಲೇಜಿನ ಒಪ್ಪಿಗೆ ಬೇಕು.

2. ಪ್ರಾಯೋಜಿತ ಸಂಶೋಧನೆ. ಇಲ್ಲಿ ನೋಡಬೇಕಾದದ್ದು ರೆವೆನ್ಯೂ ಪ್ರೊಸೀಜರ್ 2007-47. ಮೂಲ ಸಂಶೋಧನೆಯಾಗಿದ್ದು, ಫಲಿತಾಂಶವನ್ನು ಬಳಸಲು ಪ್ರಾಯೋಜಕ ಕಂಪನಿ ಕೊಡುವ ಬೆಲೆ ತಂತ್ರಜ್ಞಾನ ಸಿದ್ಧವಾದ ಮೇಲೆ, ಹೊರಗಿನವರು ಕೊಡುವಷ್ಟೇ ನಿಗದಿಯಾಗಬೇಕು. ‘ಏನು ಕಂಡುಹಿಡಿದರೂ ಇಷ್ಟೇ ಬೆಲೆ’ ಎಂದು ಮೊದಲೇ ಬರೆದಿಟ್ಟ ಒಪ್ಪಂದ ಕಂಡರೆ ಆ ಲ್ಯಾಬ್ ಖಾಸಗಿ. ಕಂಪನಿಯ ಉತ್ಪನ್ನ ಪರೀಕ್ಷೆ ಮಾಡಿಕೊಡುವುದಂತೂ ಮೂಲ ಸಂಶೋಧನೆಯೇ ಅಲ್ಲ.

3. ಫೆಡರಲ್ ಸರ್ಕಾರ. ಹೊಸಬರೆಲ್ಲ ಬೆಚ್ಚುವ ಜಾಗ ಇದು. ಈ ಕಾನೂನಿನ ಕಣ್ಣಿಗೆ ಅಮೆರಿಕದ ಕೇಂದ್ರ ಸರ್ಕಾರವೂ ಖಾಸಗಿ ಬಳಕೆದಾರನೇ. ಕೇಂದ್ರದ ಇಲಾಖೆಯೊಂದಕ್ಕೆ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದರೆ ಎಣಿಸಿಕೊಳ್ಳಿ. ಕೇಂದ್ರದ ಅನುದಾನದ ಸಂಶೋಧನೆಯಲ್ಲಿ 1980ರ ಬೇ-ಡೋಲ್ ಕಾಯ್ದೆ ಸರ್ಕಾರಕ್ಕೆ ಕೊಡುವ ಹಕ್ಕುಗಳಿಗೆ ಮಾತ್ರ 2007-47ರಲ್ಲಿ ರಿಯಾಯಿತಿ ಇದೆ.

4. ಬೇಸಿಗೆ ಶಿಬಿರ, ಸಮ್ಮೇಳನ, ಮದುವೆ. ಮಾರುಕಟ್ಟೆ ದರಕ್ಕೆ ಮಾತಾಡಿ ಕೊಟ್ಟದ್ದು ನವೀಕರಣವೂ ಸೇರಿ 50 ದಿನ ಮೀರದಿದ್ದರೆ, ಅದಕ್ಕೆಂದೇ ಕಟ್ಟಡ ಕಟ್ಟಿರದಿದ್ದರೆ, ತೊಂದರೆಯಿಲ್ಲ. ಆರು ವಾರದ ಕ್ರೀಡಾ ಶಿಬಿರ 42 ದಿನ, ಪಾರು.

5. ಛಾವಣಿ. ಮೊಬೈಲ್ ಟವರ್ ಇದೆಯೇ? ಕಂಪನಿಯೊಂದು ಸೌರಫಲಕ ಹಾಕಿದೆಯೇ? ನಕ್ಷೆಯಲ್ಲಿ ಛಾವಣಿ ಇರುವುದೇ ಇಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

6. ಕಾಲೇಜಿನದೇ ಸಂಬಂಧವಿಲ್ಲದ ವ್ಯಾಪಾರ. ಮೂಲ ಉದ್ದೇಶಕ್ಕೆ ಹೊರತಾದ ವ್ಯವಹಾರಕ್ಕೆ ಕಟ್ಟಡ ಬಳಸಿದರೆ ಕಾಲೇಜಿನ ಸ್ವಂತ ಬಳಕೆಯೂ ಕೆಟ್ಟ ಬಳಕೆಯ ಲೆಕ್ಕಕ್ಕೇ ಹೋಗುತ್ತದೆ.

ಉತ್ತರಗಳನ್ನು ಇಮೇಲ್‌ನಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ಕೋಣೆ, ಚದರಡಿ, ಬಳಕೆದಾರ, ಒಪ್ಪಂದದ ತಾರೀಖು, ನಿಮ್ಮ ತೀರ್ಮಾನ ಎಂದು ಐದು ಕಾಲಂ ಹಾಕಿ. ಒಪ್ಪಂದದ ಪ್ರತಿ ನೀವೇ ಓದಿ. ‘ಅದು ಮ್ಯಾನೇಜ್‌ಮೆಂಟ್ ಒಪ್ಪಂದ’ ಎಂದು ಹೇಳಿ ಕಳಿಸಿದ ಕಾಗದದ ಮೂರನೇ ಪುಟದಲ್ಲಿ ‘ಬಾಡಿಗೆದಾರ’ ಎಂಬ ಪದ ಇಣುಕುವುದು ಅಪರೂಪವೇನಲ್ಲ.

## ಹಂತ 4: ಮಿತಿ ಮೀರಿದರೆ ಸ್ವಂತ ಹಣವನ್ನು ಸರಿಯಾದ ಕೋಣೆಗೆ ಹಾಕಿ

ಲೆಕ್ಕ ಹೀಗೆ. ಕಟ್ಟಡ 1,00,000 ಚದರಡಿ, ವೆಚ್ಚ 4 ಕೋಟಿ ಡಾಲರ್. ಬಾಡಿಗೆಯ ಕೆಫೆ 2,500 ಚದರಡಿ, ಕಂಪನಿಯ ಲ್ಯಾಬ್ 6,500. ಒಟ್ಟು ಶೇ 9 ಖಾಸಗಿ. ಪೂರ್ತಿ 4 ಕೋಟಿಯನ್ನೂ ಬಾಂಡ್‌ನಿಂದಲೇ ತಂದರೆ ಕೆಫೆಯೊಂದೇ ಆಗಿದ್ದರೆ ನಡೆಯುತ್ತಿತ್ತು, ಲ್ಯಾಬ್ ಸೇರಿದರೆ ಬಾಂಡ್ ಕೆಟ್ಟಿತು.

ಈಗ ಬಾಂಡ್ ಮೊತ್ತವನ್ನು 3.6 ಕೋಟಿಗೆ ಇಳಿಸಿ, 40 ಲಕ್ಷ ಡಾಲರನ್ನು ಕಾಲೇಜು ಸ್ವಂತ ಹಣದಿಂದ ಹಾಕಲಿ. ನಿಯಮಾವಳಿ 1.141-6 ಪ್ರಕಾರ, ಒಂದೇ ಯೋಜನೆಯಡಿ ಬಾಂಡ್ ಮತ್ತು ಸ್ವಂತ ಹಣ ಬೆರೆತ ಕಟ್ಟಡದಲ್ಲಿ ಖಾಸಗಿ ಬಳಕೆ ಮೊದಲು ಸ್ವಂತ ಹಣದ ಪಾಲಿಗೆ ಹೋಗುತ್ತದೆ. ಸ್ವಂತ ಹಣ ಶೇ 10, ಖಾಸಗಿ ಬಳಕೆ ಶೇ 9. ಬಾಂಡ್ ಮೇಲೆ ಏನೂ ಬೀಳಲಿಲ್ಲ. ಅಷ್ಟೇ ಅಲ್ಲ, ಲ್ಯಾಬ್ ಮುಂದೆ ಮೂರನೇ ಮಹಡಿಗೆ ಸ್ಥಳಾಂತರವಾದರೂ ಲೆಕ್ಕ ಕೆಡುವುದಿಲ್ಲ, ಶೇಕಡಾವಾರು ಮೀರದಿದ್ದರೆ ಸಾಕು. ತೆರಿಗೆ ಇರುವ ಬಾಂಡ್‌ನ ಹಣವನ್ನೂ ಸ್ವಂತ ಹಣದಂತೆಯೇ ಇಲ್ಲಿ ಬಳಸಬಹುದು.

ಸಾಮಾನ್ಯ ತಪ್ಪು: ಸ್ವಂತ ಹಣವನ್ನು ತೀರಾ ಮುಂಚೆ ಅಥವಾ ತೀರಾ ತಡವಾಗಿ ಖರ್ಚು ಮಾಡುವುದು. ಬಾಂಡ್‌ನಿಂದ ಭರಿಸಿಕೊಳ್ಳಲು ಅರ್ಹವಾಗಬಹುದಾಗಿದ್ದ ದಿನಕ್ಕಿಂತ ಹಿಂದಿನ ಖರ್ಚು ಈ ಲೆಕ್ಕಕ್ಕೆ ಬಾರದು. ಐದು ವರ್ಷ ಹಿಂದೆ ಜಾಗ ಕೊಂಡ ದುಡ್ಡನ್ನು ತೋರಿಸಿ ‘ಇದೇ ನಮ್ಮ ಪಾಲು’ ಎನ್ನುವ ಕಾಲೇಜುಗಳಿವೆ.

ಇನ್ನೊಂದು, ದಾನಿಯ ಹಣ. ಇದೇ ಕಟ್ಟಡಕ್ಕೆಂದು ಮಾತು ಕೊಟ್ಟ ದೇಣಿಗೆ, ಬಾಂಡ್ ಹಣದಿಂದ ಕಟ್ಟಡ ಮುಗಿದ ಮೇಲೆ ಬಂದರೆ ಅದು ಬಾಂಡ್ ಹಣದ ಬದಲಿ ಎನಿಸಿಕೊಂಡು ಆರ್ಬಿಟ್ರೇಜ್ ನಿಯಮದೊಳಗೆ (ಕಡಿಮೆ ಬಡ್ಡಿಯ ಬಾಂಡ್ ಹಣವನ್ನು ಹೆಚ್ಚು ಗಳಿಕೆಗೆ ಹೂಡಿ ಲಾಭ ಮಾಡುವುದಕ್ಕೆ ಮಿತಿ ಹಾಕುವ ನಿಯಮ) ಸಿಕ್ಕಿಬೀಳಬಹುದು. ದಾನಪತ್ರಗಳನ್ನು ಈ ಹಂತದಲ್ಲೇ ತರಿಸಿ ಓದಿ.

## ಹಂತ 5: ಸಾರ್ವಜನಿಕ ವಿಚಾರಣೆ ಮತ್ತು ಒಪ್ಪಿಗೆ

1982ರ ಕಾಯ್ದೆಯ ಹೆಸರಿನಿಂದ ಎಲ್ಲರೂ ಇದನ್ನು ‘ಟೆಫ್ರಾ’ ಎನ್ನುತ್ತಾರೆ. ಈಗ ಇರುವುದು ಸೆಕ್ಷನ್ 147(ಎಫ್)ನಲ್ಲಿ. ಪ್ರಕಟಣೆ ಕೊಡಬೇಕು, ಜನರ ಮಾತು ಕೇಳಲು ವಿಚಾರಣೆ ಇಡಬೇಕು, ಆಮೇಲೆ ಚುನಾಯಿತ ಪ್ರತಿನಿಧಿ ಒಪ್ಪಬೇಕು. ಸರ್ಕಾರಿ ಶಾಲಾ ಜಿಲ್ಲೆಯ ಸಾಮಾನ್ಯ ಬಾಂಡ್‌ಗೆ ಇದು ಬೇಕಿಲ್ಲ.

ಪ್ರಕಟಣೆಗೂ ವಿಚಾರಣೆಗೂ ನಡುವೆ ಕನಿಷ್ಠ 7 ದಿನವಿದ್ದರೆ ಸಾಕು. ಹಳೆಯ ಮಾದರಿಗಳಲ್ಲಿ 14 ದಿನ ಎಂದಿರುತ್ತದೆ, ರಾಜ್ಯದ ಕಾನೂನೂ ಬೇರೆ ಅವಧಿ ಕೇಳಬಹುದು. ಒಪ್ಪಿಗೆ ಸಿಕ್ಕಿದ ಒಂದು ವರ್ಷದೊಳಗೆ ಬಾಂಡ್ ಹೊರಬರಬೇಕು. ಪ್ರಕಟಣೆಯಲ್ಲಿ ನಾಲ್ಕು ಸಂಗತಿ: ಏನು ಕಟ್ಟುತ್ತಿದ್ದೀರಿ, ಎಲ್ಲಿ, ಮಾಲೀಕ ಅಥವಾ ಮುಖ್ಯ ಬಳಕೆದಾರ ಯಾರು, ಗರಿಷ್ಠ ಮೊತ್ತ ಎಷ್ಟು.

ವಿಳಾಸದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಕಾಲೇಜಿನ ವಿದ್ಯಾರ್ಥಿನಿಲಯದ ಬಾಂಡ್. ಕಾಲೇಜಿನವರು ಕೊಟ್ಟ ವಿಳಾಸವನ್ನೇ ಪ್ರಕಟಣೆಗೆ ಹಾಕಿದೆ. ವಿಚಾರಣೆ ನಡೆಯಿತು, ಒಪ್ಪಿಗೆಯೂ ಬಂತು. ಆಮೇಲೆ ಆಸ್ತಿಯ ಹಕ್ಕು ಯಾರದು ಎಂದು ತೋರಿಸುವ ಟೈಟಲ್ ವರದಿ ಓದುವಾಗ ಗೊತ್ತಾಯಿತು: ಆ ವಿಳಾಸ ಆಡಳಿತ ಕಚೇರಿಯದು, ನಿಲಯ ಇರುವುದು ಹೆದ್ದಾರಿಯ ಆಚೆ, ಬೇರೆಯೇ ನಿವೇಶನದಲ್ಲಿ. ಪ್ರಕಟಣೆಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಿದೆವು, ಕ್ಲೋಸಿಂಗ್ ಮೂರು ವಾರ ಮುಂದೆ ಹೋಯಿತು. ಅಂದಿನಿಂದ ವಿಳಾಸವನ್ನು ಟೈಟಲ್ ವರದಿ, ಉಪಗ್ರಹ ನಕ್ಷೆ ಎರಡರಲ್ಲೂ ನೋಡದೆ ಪ್ರಕಟಣೆ ಕಳಿಸುವುದಿಲ್ಲ.

ಮೊತ್ತದಲ್ಲಿ ಸ್ವಲ್ಪ ಹೆಚ್ಚೇ ಬರೆಯಿರಿ. ಪ್ರಕಟಿಸಿದ್ದಕ್ಕಿಂತ ಶೇ 10ರವರೆಗೆ ಮೀರಿದರೆ ಅದು ಗಣನೀಯ ವ್ಯತ್ಯಾಸವಲ್ಲ ಎನ್ನುತ್ತದೆ ನಿಯಮ, ಆದರೆ ಆ ಶೇ 10ನ್ನು ಆಪತ್ತಿಗೆ ಇಟ್ಟುಕೊಳ್ಳಿ. ಒಂದಕ್ಕೊಂದು ತಾಗಿದ ಕ್ಯಾಂಪಸ್‌ನಲ್ಲಿ ಹಲವು ಕೆಲಸಗಳಿದ್ದರೆ ಎಲ್ಲವನ್ನೂ ಒಂದೇ ಯೋಜನೆ, ಒಂದೇ ಮೊತ್ತ ಎಂದು ತೋರಿಸಬಹುದು. ಬೇರೆ ಊರಿನ ಶಾಖೆ ಸೇರಿದರೆ ಅದಕ್ಕೆ ಬೇರೆ ಮೊತ್ತ, ಅಲ್ಲಿನ ಸ್ಥಳೀಯ ಒಪ್ಪಿಗೆ ಬೇಕೇ ಎಂಬ ಪ್ರಶ್ನೆಯೂ ಬೇರೆ.

## ಹಂತ 6: ಸಾಲದ ದಾಖಲೆಗಳು

ಟ್ರಸ್ಟ್ ಇಂಡೆಂಚರ್ (ಬಾಂಡ್ ಕೊಂಡವರ ಹಿತ ಕಾಯುವ ಟ್ರಸ್ಟಿಯೊಂದಿಗಿನ ಕರಾರು), ಸಾಲ ಒಪ್ಪಂದ, ತೆರಿಗೆ ಪ್ರಮಾಣಪತ್ರ. ಮೊದಲೆರಡಕ್ಕೆ ಪ್ರಾಧಿಕಾರದ ಮಾದರಿಗಳಿರುತ್ತವೆ, ಅವನ್ನು ಹೆಚ್ಚು ಕೆದಕಬೇಡಿ. ಮೂರು ಕಡೆ ಮಾತ್ರ ಕಣ್ಣಿಡಿ.

ಒಂದು, ಅವಧಿ. ಬಾಂಡ್‌ನ ಸರಾಸರಿ ಅವಧಿ ಆಸ್ತಿಗಳ ಸರಾಸರಿ ಆರ್ಥಿಕ ಆಯಸ್ಸಿನ ಶೇ 120 ದಾಟಬಾರದು. ಕಟ್ಟಡದ ಜೊತೆ ಕಂಪ್ಯೂಟರ್, ಪೀಠೋಪಕರಣ ಸೇರಿಸಿದರೆ ಸರಾಸರಿ ಇಳಿಯುತ್ತದೆ.

ಎರಡು, ಎಂಡೋಮೆಂಟ್. ಕಾಲೇಜಿನ ಶಾಶ್ವತ ನಿಧಿಯನ್ನು ಬಾಂಡ್‌ಗೆ ಅಡವಿಟ್ಟರೆ ಆ ನಿಧಿಯ ಹೂಡಿಕೆಯ ಗಳಿಕೆಗೂ ಆರ್ಬಿಟ್ರೇಜ್ ಮಿತಿ ಅಂಟಿಕೊಳ್ಳುತ್ತದೆ. ‘ಇಷ್ಟು ನಗದು ಸದಾ ಇಟ್ಟಿರಬೇಕು’ ಎಂಬ ಷರತ್ತೂ ಅಷ್ಟೇ ಅಪಾಯಕಾರಿ. ಕಾಲೇಜಿನ ಸಾಮಾನ್ಯ ಅಗತ್ಯ ಮೀರದ ಮೊತ್ತ, ಆರು ತಿಂಗಳಿಗೊಮ್ಮೆಗಿಂತ ಹೆಚ್ಚು ಬಾರಿ ಪರೀಕ್ಷೆ ಇಲ್ಲ, ನಡುವೆ ಖರ್ಚು ಮಾಡಲು ಅಡ್ಡಿಯಿಲ್ಲ ಎಂದಿದ್ದರೆ ತಪ್ಪಿಸಿಕೊಳ್ಳಬಹುದು. ಬ್ಯಾಂಕಿನವರು ಮೂರು ತಿಂಗಳಿಗೊಮ್ಮೆ ಎಂದು ತಿದ್ದಿ ಕಳಿಸಿದಾಗ ಅದನ್ನು ಬರೀ ವ್ಯವಹಾರದ ಮಾತೆಂದು ಬಿಟ್ಟುಬಿಡಬೇಡಿ.

ಮೂರು, ಧರ್ಮ. ಧಾರ್ಮಿಕ ಹಿನ್ನೆಲೆಯ ಕಾಲೇಜುಗಳಿಗೂ ಇಂಥ ಹಣಕಾಸು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1973ರ ಹಂಟ್ ವಿರುದ್ಧ ಮೆಕ್‌ನೇರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆ ದಕ್ಷಿಣ ಕೆರೊಲಿನಾ ಪ್ರಕರಣದಲ್ಲಿ ಪ್ರಾರ್ಥನೆ ಮತ್ತು ಧಾರ್ಮಿಕ ಬೋಧನೆಯ ಕಟ್ಟಡಗಳನ್ನು ಹೊರಗಿಡಲಾಗಿತ್ತು. ಹಾಗಾಗಿ ಪ್ರಾರ್ಥನಾ ಮಂದಿರಕ್ಕೆ ಈ ಹಣ ಬಳಸುವುದಿಲ್ಲ ಎಂಬ ಕರಾರು ಅನೇಕ ಸಾಲ ಒಪ್ಪಂದಗಳಲ್ಲಿ ಇರುತ್ತದೆ. ಕ್ಯಾಂಪಸ್ ಪೂರ್ತಿ ನವೀಕರಣ ಎಂಬ ಸಾಲಿನೊಳಗೆ ಚಾಪೆಲ್‌ನ ಛಾವಣಿ ಸೇರಿಕೊಂಡಿದೆಯೇ ನೋಡಿ.

## ಹಂತ 7: ಹೂಡಿಕೆದಾರರಿಗೆ ಹೇಳುವುದು

ಬಾಂಡ್ ಕೊಳ್ಳುವವರಿಗೆ ಕೊಡುವ ವಿವರಣಾ ದಾಖಲೆಯಾದ ಆಫಿಷಿಯಲ್ ಸ್ಟೇಟ್‌ಮೆಂಟ್‌ನಲ್ಲಿ ವಿದ್ಯಾರ್ಥಿಗಳ ಸಂಖ್ಯೆ, ಪ್ರವೇಶ, ಶುಲ್ಕ ರಿಯಾಯಿತಿ, ನಿಧಿಯ ಗಳಿಕೆ ಎಲ್ಲ ಇರುತ್ತದೆ. ಲೇಖನ ಚೆಂದ ಮಾಡಲು ಹೋಗಬೇಡಿ, ಅಂಕಿ ಸರಿಯಿದೆಯೇ ನೋಡಿ. ಲೆಕ್ಕಪರಿಶೋಧನೆಯ ವರದಿಯ ನಂತರ ಪ್ರವೇಶ ಕುಸಿದಿದ್ದರೆ ಅದು ಬರಲೇಬೇಕು.

ಬಹಳ ಮಂದಿ ಜಾರುವ ಜಾಗ ಹಳೆಯ ಬಾಕಿ. ಅಮೆರಿಕದ ಷೇರು, ಬಾಂಡ್ ಮಾರುಕಟ್ಟೆಯ ನಿಯಂತ್ರಕ ಎಸ್‌ಇಸಿಯ 15ಸಿ2-12 ನಿಯಮದಡಿ ಕಾಲೇಜು ಪ್ರತಿ ವರ್ಷದ ಮಾಹಿತಿಯನ್ನು, ಇಂಥ ಬಾಂಡ್‌ಗಳ ವಿವರ ಎಲ್ಲರಿಗೂ ಸಿಗುವ ಎಮ್ಮಾ ಜಾಲತಾಣಕ್ಕೆ ಹಾಕುವುದಾಗಿ ಮಾತು ಕೊಟ್ಟಿರುತ್ತದೆ. ಕಳೆದ ಐದು ವರ್ಷಗಳಲ್ಲಿ ಆ ಮಾತು ಗಣನೀಯವಾಗಿ ತಪ್ಪಿದ್ದರೆ ಹೊಸ ದಾಖಲೆಯಲ್ಲಿ ಹೇಳಬೇಕು. ಕಾಲೇಜಿನವರು ‘ಎಲ್ಲ ಹಾಕಿದ್ದೇವೆ’ ಅನ್ನುತ್ತಾರೆ. ನೀವೇ ಎಮ್ಮಾ ತೆರೆದು, ಐದೂ ವರ್ಷದ ತಾರೀಖನ್ನು ಗಡುವಿನ ಪಕ್ಕ ಬರೆದು ನೋಡಿ. ಅರ್ಧ ದಿನದ ಕೆಲಸ. 2019ರ ಫೆಬ್ರವರಿ 27ರಿಂದ ಈಚಿನ ಕರಾರುಗಳಲ್ಲಿ ಬ್ಯಾಂಕಿನಿಂದ ತೆಗೆದ ದೊಡ್ಡ ಸಾಲವನ್ನೂ 10 ಕೆಲಸದ ದಿನಗಳೊಳಗೆ ತಿಳಿಸಬೇಕು. ಮಹಾಮಾರಿಯ ವರ್ಷಗಳಲ್ಲಿ ಸಾಲ ತೆಗೆದ ಕಾಲೇಜುಗಳಲ್ಲಿ ಇದನ್ನು ತಪ್ಪದೆ ಕೇಳಿ.

## ಹಂತ 8: ಬೆಲೆ ನಿಗದಿಯಿಂದ ಕ್ಲೋಸಿಂಗ್‌ವರೆಗೆ

ಹಿಂದಿನ ಹಂತಗಳು ಸರಿಯಾಗಿದ್ದರೆ ಇದು ನೀರಸವಾದ ವಾರ. ಹಾಗೇ ಇರಬೇಕು ಕೂಡ.

ಅಂಡರ್‌ರೈಟರ್‌ನಿಂದ ವಿತರಣಾ ಬೆಲೆಯ ಪ್ರಮಾಣಪತ್ರ ಪಡೆಯಿರಿ. ಪ್ರತಿ ಅವಧಿಯ ಬಾಂಡ್‌ನಲ್ಲೂ ಶೇ 10ರಷ್ಟು ಸಾರ್ವಜನಿಕರಿಗೆ ಮಾರಾಟವಾದ ಬೆಲೆಯೇ ಮೂಲ ಮಾನದಂಡ. ವಿತರಣಾ ವೆಚ್ಚದ ಪಟ್ಟಿ ತಂದು ಶೇ 2ರೊಳಗೆ ಇದೆಯೇ ಲೆಕ್ಕ ಹಾಕಿ. ಮೀರಿದ್ದು ಕಾಲೇಜಿನ ಸ್ವಂತ ಖಾತೆಯಿಂದ ಹೋಗಲಿ. ತೆರಿಗೆ ಪ್ರಮಾಣಪತ್ರದಲ್ಲಿ ಮೂರು ನಿರೀಕ್ಷೆಗಳನ್ನು ಕಾಲೇಜು ನಂಬಿಕೆಯಿಂದ ಹೇಳಬೇಕು: ಆರು ತಿಂಗಳೊಳಗೆ ಶೇ 5ರಷ್ಟಕ್ಕೆ ಒಪ್ಪಂದ, ಮೂರು ವರ್ಷದೊಳಗೆ ಶೇ 85 ಖರ್ಚು, ಕೆಲಸ ನಿಲ್ಲದೆ ಸಾಗುವುದು. ಕಟ್ಟಡ ಪರವಾನಗಿಯೇ ಸಿಗದ ಯೋಜನೆಗೆ ಈ ಸಹಿ ಹಾಕಿಸುವ ಮುನ್ನ ಎರಡು ಸಲ ಯೋಚಿಸಿ.

ಐಆರ್‌ಎಸ್‌ಗೆ 501(ಸಿ)(3) ಬಾಂಡ್‌ಗೆ ಫಾರ್ಮ್ 8038, ಸರ್ಕಾರಿ ಜಿಲ್ಲೆಗೆ 8038-ಜಿ. ಕ್ಲೋಸಿಂಗ್ ಆದ ತ್ರೈಮಾಸಿಕ ಮುಗಿದ ನಂತರದ ಎರಡನೇ ತಿಂಗಳ 15ಕ್ಕೆ ಗಡುವು. ಮೇ 20ಕ್ಕೆ ಕ್ಲೋಸಿಂಗ್ ಆದರೆ ಆಗಸ್ಟ್ 15. ನಾನು ಕ್ಲೋಸಿಂಗ್ ದಿನವೇ ಸಹಿ ಹಾಕಿಸಿಟ್ಟುಕೊಳ್ಳುತ್ತೇನೆ. ಆಗಸ್ಟಿನಲ್ಲಿ ಆ ಅಧಿಕಾರಿ ಎಲ್ಲಿರುತ್ತಾರೋ ಯಾರಿಗೆ ಗೊತ್ತು.

## ಹಂತ 9: ಕ್ಲೋಸಿಂಗ್ ಆದ ಮೇಲೆ

ಹಣ ಕೈಗೆ ಬಂದ ಮರುದಿನ ಕಾಲೇಜಿನವರು ಫೋನ್ ಎತ್ತುವುದನ್ನು ಕಡಿಮೆ ಮಾಡುತ್ತಾರೆ. ಅಷ್ಟರೊಳಗೆ ಒಂದೇ ಪುಟದ ಕ್ಯಾಲೆಂಡರ್ ಕೈಗಿಡಿ. ಅದರಲ್ಲಿ ಇವಿರಲಿ.

ಹೂಡಿಕೆ ಗಳಿಕೆಯ ಹೆಚ್ಚುವರಿಯನ್ನು ಫೆಡರಲ್ ಸರ್ಕಾರಕ್ಕೆ ಕಟ್ಟುವ ರಿಬೇಟ್ ಲೆಕ್ಕ, ಪ್ರತಿ ಐದು ವರ್ಷಕ್ಕೊಮ್ಮೆ, ಆ ಅವಧಿ ಮುಗಿದ 60 ದಿನಗಳೊಳಗೆ, ಫಾರ್ಮ್ 8038-ಟಿ ಜೊತೆ. ನಿರ್ಮಾಣದ ಬಾಂಡ್ ಆಗಿದ್ದು ಆರು ತಿಂಗಳಲ್ಲಿ ಶೇ 10, ಹನ್ನೆರಡರಲ್ಲಿ ಶೇ 45, ಹದಿನೆಂಟರಲ್ಲಿ ಶೇ 75, ಇಪ್ಪತ್ನಾಲ್ಕರಲ್ಲಿ ಪೂರ್ತಿ ಖರ್ಚಾದರೆ ನಿರ್ಮಾಣ ನಿಧಿಗೆ ರಿಬೇಟ್‌ನಿಂದ ವಿನಾಯಿತಿ ಸಿಗುತ್ತದೆ. ಹಂತ 4ರಲ್ಲಿ ಹೇಳಿದ ಬಾಂಡ್ ಮತ್ತು ಸ್ವಂತ ಹಣದ ಅಂತಿಮ ಹಂಚಿಕೆಯ ಬರವಣಿಗೆ, ಕಟ್ಟಡ ಬಳಕೆಗೆ ಬಂದ 18 ತಿಂಗಳೊಳಗೆ. ಬಾಂಡ್ ಹೊರಬಂದ ಐದನೇ ವರ್ಷ ತುಂಬಿ 60 ದಿನ ಕಳೆದರೆ ಆ ಬಾಗಿಲು ಮುಚ್ಚಿತು. ಪ್ರತಿ ವರ್ಷ ಷೆಡ್ಯೂಲ್ ಕೆ. ದಾಖಲೆಗಳನ್ನು ಬಾಂಡ್ ತೀರಿದ ಮೇಲೂ ಮೂರು ವರ್ಷ ಇಡಬೇಕು. ಮೂವತ್ತು ವರ್ಷದ ಬಾಂಡ್ ಎಂದರೆ ನೀವು ನಿವೃತ್ತರಾದ ಮೇಲೂ ಯಾರೋ ಆ ಐದು ಕಾಲಂ ಹಾಳೆಯನ್ನು ಹುಡುಕುತ್ತಾರೆ.

ಈ ಮಾತುಗಳು ಕಿವಿಗೆ ಬಿದ್ದ ದಿನವೇ ಫೋನ್ ಮಾಡಿ ಎಂದು ಹಣಕಾಸು ಅಧಿಕಾರಿಗೆ ಹೇಳಿಡಿ: ‘ಕ್ಯಾಂಟೀನ್ ಗುತ್ತಿಗೆ ಹೊಸ ಕಂಪನಿಗೆ ಕೊಟ್ಟೆವು.’ ‘ಆ ಲ್ಯಾಬನ್ನು ಸ್ಟಾರ್ಟಪ್ ಒಂದಕ್ಕೆ ಬಿಟ್ಟುಕೊಟ್ಟಿದ್ದೇವೆ.’ ‘ಹಳೆ ಹಾಸ್ಟೆಲ್ ಕೊಳ್ಳಲು ಒಬ್ಬರು ಬಂದಿದ್ದಾರೆ.’ ಕಟ್ಟಡವನ್ನು ಮಾರಿದರೆ ಅಥವಾ ಬಳಕೆ ಮಿತಿ ಮೀರಿದರೆ, ಸಾಮಾನ್ಯವಾಗಿ 90 ದಿನಗಳೊಳಗೆ ಆ ಪಾಲಿನ ಬಾಂಡ್ ತೀರಿಸಿ ಸರಿಪಡಿಸಿಕೊಳ್ಳುವ ದಾರಿಯನ್ನು ನಿಯಮಾವಳಿಯೇ ಕೊಟ್ಟಿದೆ. ಆ ದಿನಗಳು ಮೀರಿದರೆ ಉಳಿಯುವುದು ಐಆರ್‌ಎಸ್ ಎದುರು ತಾವಾಗಿಯೇ ಹೋಗಿ ಒಪ್ಪಂದ ಮಾಡಿಕೊಳ್ಳುವ ದಾರಿ. ಅದಕ್ಕೆ ದುಡ್ಡೂ ಹೆಚ್ಚು, ಸಮಯವೂ ಹೆಚ್ಚು. ಮಾರಾಟದ ಕರಾರಿಗೆ ಸಹಿ ಹಾಕುವ ಮುನ್ನ ಫೋನ್ ಬಂದರೆ ಹೆಚ್ಚಿನ ಸಲ ಕರಾರಿನಲ್ಲಿ ಒಂದೆರಡು ಸಾಲು ಬದಲಿಸಿದರೆ ಮುಗಿಯುತ್ತದೆ.